ಹತ್ತು ಸಾಕು, ಹತ್ತು ಕೋಟಿ ಬೇಕು

ಬೆಂಗಳೂರಿನ ಜೀವನ್ ಬಿಮಾ ನಗರದ ಪಕ್ಕದಲ್ಲೇ ಪ್ರಯಾಣಿಕರ ವಿಮಾನ ಇಳಿಯುತ್ತಿದ್ದ ಕಾಲ 2008ರ ಮೇ ತಿಂಗಳಿಗೆ ಮುಗಿಯಿತು; ಎಚ್‌ಎಎಲ್ ನಿಲ್ದಾಣ ಬಿಟ್ಟು ಎಲ್ಲರೂ ದೇವನಹಳ್ಳಿಯ ದಾರಿ ಹಿಡಿದರು. ಬ್ಯಾಂಕಾಕ್ ಸುತ್ತಿ ಬಂದವರ ಹೊಟ್ಟೆ ಕೆಟ್ಟರೆ ಮಾತ್ರ ಮಲದ ಮಾದರಿಯ ಡಬ್ಬಿ ಇಂದಿಗೂ ಇಲ್ಲಿನ ಲ್ಯಾಬಿಗೇ ಬರುತ್ತದೆ.

ಆ ಡಬ್ಬಿಯನ್ನು ಅಸಡ್ಡೆ ಮಾಡಬೇಡಿ. ಒಂದೇ ಒಂದು ಗ್ರಾಂ ಮಲದಲ್ಲಿ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾ: ಭೂಮಿಯ ಮೇಲಿರುವ ಮನುಷ್ಯರ ಹತ್ತು ಪಟ್ಟಿಗೂ ಹೆಚ್ಚು. ಬಹುಪಾಲು ನಿರುಪದ್ರವಿಗಳು. ರೋಗಕಾರಕವನ್ನು ಹುಡುಕಬೇಕಾದದ್ದು ಇವುಗಳ ನಡುವೆ.

ಶಿಗೆಲ್ಲಾ ಬ್ಯಾಕ್ಟೀರಿಯಾ ಹತ್ತಿಪ್ಪತ್ತು ಒಳಹೊಕ್ಕರೂ ರಕ್ತಭೇದಿ ಶುರುವಾಗಬಹುದು. ಕ್ಯಾಂಪಿಲೊಬ್ಯಾಕ್ಟರ್‌ಗೆ ಕೆಲವು ನೂರು ಬೇಕು. 1981ರಲ್ಲಿ ಬ್ರಿಟನ್ನಿನ ಸಂಶೋಧಕರೊಬ್ಬರು 500ನ್ನು ಹಾಲಿಗೆ ಬೆರೆಸಿ ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡರು! ಪ್ರವಾಸಿಗರನ್ನು ಅತಿ ಹೆಚ್ಚು ಕಾಡುವ ವಿಷಕಾರಿ ಇ. ಕೋಲೈಗೆ ಬೇಕಾದದ್ದು ಹತ್ತು ಕೋಟಿಯ ಆಸುಪಾಸು. ಅಷ್ಟೊಂದು ಎಲ್ಲಿಂದ ಬರಬೇಕು ಅನ್ನುತ್ತೀರಾ? ಹದವಾದ ಶಾಖ ಸಿಕ್ಕರೆ ಇದು 20 ನಿಮಿಷಕ್ಕೊಮ್ಮೆ ಇಮ್ಮಡಿ. ಬೆಳಿಗ್ಗೆ ಊಟದ ಪಾತ್ರೆಯಲ್ಲಿ ಒಂದೇ ಒಂದಿದ್ದದ್ದು ಎಂಟು ತಾಸಿಗೆ 1,67,77,216. ಒಂಬತ್ತನೆಯ ತಾಸಿಗೆ ಹದಿಮೂರು ಕೋಟಿ ದಾಟುತ್ತದೆ.

ಈ ಇ. ಕೋಲೈಯ ವಿಷ ಕರುಳಿನ ಗೋಡೆಯನ್ನು ಕೊರೆಯುವುದಿಲ್ಲ, ನೀರಿನ ಲೆಕ್ಕ ಕೆಡಿಸುತ್ತದೆ. ದಿನಕ್ಕೆ ಸುಮಾರು ಒಂಬತ್ತು ಲೀಟರ್ ದ್ರವ ಕರುಳಿಗಿಳಿದು, ನೂರಿನ್ನೂರು ಮಿಲಿಲೀಟರ್ ಬಿಟ್ಟು ಎಲ್ಲವೂ ಒಳಗೇ ಹೀರಿಹೋಗುತ್ತದೆ. ಆ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ಅನುಭವಿಸಿದವರಿಗೆ ಹೇಳಬೇಕಿಲ್ಲ.

ಲ್ಯಾಬಿನಲ್ಲಿ ಶಿಗೆಲ್ಲಾ, ಸಾಲ್ಮೊನೆಲ್ಲಾಗಳು ಮೆಕಾಂಕಿ ಎಂಬ ಕಲ್ಚರ್ ತಟ್ಟೆಯಲ್ಲಿ ಬಣ್ಣವಿಲ್ಲದೆ ಬೆಳೆದು ಸಿಕ್ಕಿಬೀಳುತ್ತವೆ. ಕ್ಯಾಂಪಿಲೊಬ್ಯಾಕ್ಟರ್ ತಕರಾರಿನ ಜೀವಿ: 42 ಡಿಗ್ರಿ ಶಾಖ, ಶೇಕಡಾ ಐದು ಆಮ್ಲಜನಕ, ಎರಡು ದಿನ. ವಿಷಕಾರಿ ಇ. ಕೋಲೈ ಮಾತ್ರ ನಮ್ಮ ಕರುಳಿನ ಖಾಯಂ ಇ. ಕೋಲೈಯಂತೆಯೇ ಗುಲಾಬಿ. ಒಂದೇ ಯೂನಿಫಾರ್ಮಿನ ಸಾವಿರ ಮಕ್ಕಳಲ್ಲಿ ಯಾರ ಜೇಬಿನಲ್ಲಿ ಗೋಲಿಯಿದೆ ಎಂದು ದೂರದಿಂದಲೇ ಹೇಳಲು ಹೊರಟಂತಾಯಿತು. ಹಾಗಾಗಿ ‘ರೋಗಕಾರಕ ಬೆಳೆದಿಲ್ಲ’ ಎಂಬ ಕಲ್ಚರ್ ವರದಿಯನ್ನು ಪೂರ್ತಿ ನಂಬಲಾಗದು.

ಜೇಬು ತಡಕುವುದು ಪಿಸಿಆರ್ ಪರೀಕ್ಷೆ. ವಿಷದ ಜೀನ್ ಒಂದಿದ್ದರೂ 30 ಸುತ್ತಿನಲ್ಲಿ ಅದರ ನಕಲು 107 ಕೋಟಿ. ಬ್ಯಾಕ್ಟೀರಿಯಾ, ವೈರಸ್, ಪರೋಪಜೀವಿ ಸೇರಿ 22 ಬಗೆಯನ್ನು ಸುಮಾರು ಒಂದು ತಾಸಿನಲ್ಲಿ ಹುಡುಕುವ ಯಂತ್ರಗಳಿವೆ. ದುಬಾರಿ, ಪ್ರತಿ ಭೇದಿಗೂ ಅದು ಬೇಕಿಲ್ಲ. ಹೆಚ್ಚಿನವು ಕೆಲವೇ ದಿನಗಳಲ್ಲಿ ತಾವೇ ನಿಲ್ಲುತ್ತವೆ; ಅಲ್ಲಿಯವರೆಗೆ ಓಆರ್‌ಎಸ್ ಕುಡಿಯುತ್ತಿರಿ.

ಆದರೆ ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ ವೈದ್ಯರ ಬಳಿ ಹೋಗಿ. ಆ್ಯಂಟಿಬಯೋಟಿಕ್ ನುಂಗುವ ಮೊದಲೇ ಮಲದ ಮಾದರಿ ಕೊಡಿ, ಎರಡು ತಾಸಿನೊಳಗೆ ಲ್ಯಾಬಿಗೆ ಮುಟ್ಟಿಸಿ, ಯಾವ ದೇಶದಿಂದ ಬಂದಿರೆಂದು ಚೀಟಿಯಲ್ಲಿ ಬರೆಸಿ.