ಕಡಲಾಚೆಯ ಭಕ್ತಿ, ಕನ್ನಡದ ತಾಳ

ಸಮುದ್ರ ದಾಟಿ ಬಂದ ಪಾದ್ರಿಗಳಿಗೆ
ಕನ್ನಡದಲ್ಲಿ ಹಾಡು ಕಟ್ಟೋದನ್ನ ಕಲಿಸಿದ್ದು ಯಾರು ಗೊತ್ತಾ?
ನಮ್ಮ ಜನಾನೇ!

ನಮ್ಮ ಕಡೆಯ ಊರುಗಳು ಗುಮ್ಮಘಟ್ಟ, ರಾಯದುರ್ಗ.
ಇವತ್ತು ಆಂಧ್ರದ ಅನಂತಪುರ ಜಿಲ್ಲೆಯಲ್ಲಿವೆ.
1953ರವರೆಗೆ ಬಳ್ಳಾರಿ ಜಿಲ್ಲೆ.

ಆ ಬಳ್ಳಾರಿಗೆ 1810ರಲ್ಲಿ
ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಬಂದ್ರು.
ಭಾಷೆ ಕಲಿತ್ರು.
ವರ್ಷಗಟ್ಟಲೆ ಕೂತು
ಬೈಬಲನ್ನ ಕನ್ನಡಕ್ಕೆ ತಂದ್ರು.

ಓದೋಕೆ ಪುಸ್ತಕ ಸಿಕ್ತು.
ಆದ್ರೆ ಸಂತೋಷ ಉಕ್ಕಿದಾಗ?
ಹಾಡ್ಬೇಕಲ್ವಾ?

1853ರಲ್ಲಿ ಜರ್ಮನಿಯಿಂದ
ಕನ್ನಡ ನಾಡಿಗೆ ಫರ್ಡಿನೆಂಡ್ ಕಿಟೆಲ್ ಬಂದ್ರು.
ಹೌದು, ನಿಘಂಟಿನ ಕಿಟೆಲ್ಲೇ!
ನಮ್ಮ ಛಂದಸ್ಸು ಕಲಿತ್ರು.
1862ರಲ್ಲಿ ಯೇಸುವಿನ ಕಥೆಯನ್ನ
ಕನ್ನಡ ಪದ್ಯದಲ್ಲೇ ಬರೆದ್ರು.
ಹೆಸರು, ‘ಕಥಾಮಾಲೆ’.

ನಮ್ಮ ಶೇಂಗಾ ನೋಡಿ.
ಅದೂ ಕಡಲಾಚೆಯಿಂದ ಬಂದಿದ್ದೇ.
ಇವತ್ತು ಅನಂತಪುರದ ಕೆಂಪು ನೆಲದ ಬೆಳೆ!
ಈ ಭಕ್ತಿಯೂ ಹಾಗೇ,
ಇಲ್ಲಿ ಬೇರು ಬಿಟ್ಟು ನಮ್ಮದಾಯ್ತು.

ಬೆಳೆ ಹಬ್ಬದ ದಿನ ಚರ್ಚಿಗೆ ಹೋಗಿ.
ಕುಂಬಳಕಾಯಿ, ಬಾಳೆಗೊನೆ, ತೆಂಗಿನಕಾಯಿ.
ಮೊದಲ ಫಲ ದೇವರಿಗೆ.
ಆರಾಧನೆ ಮುಗೀತಿದ್ದ ಹಾಗೆ ಹರಾಜು!
ಒಂದು ಕಾಯಿಗೆ
ಅಂಗಡಿ ರೇಟಿನ ಎಷ್ಟೋ ಪಟ್ಟು ಕೂಗ್ತಾರೆ.
ಯಾರಿಗೂ ನಷ್ಟ ಅನ್ಸಲ್ಲ.
ಅದು ದೇವರಿಗೆ ಹೇಳೋ ಥ್ಯಾಂಕ್ಸ್.

ಹಾರ್ಮೋನಿಯಂ, ತಬಲಾ, ಚಪ್ಪಾಳೆ.
ಅಜ್ಜಿಗೆ ಪುಸ್ತಕಾನೇ ಬೇಡ,
ಕೀರ್ತನೆ ಪೂರ್ತಿ ಬಾಯಿಪಾಠ.
ಪಕ್ಕದಲ್ಲಿ ಮೊಮ್ಮಗಳು
ಕೈ ತಟ್ತಾ ತಾಳ ಹಿಡಿದಿರ್ತಾಳೆ.

ಬಂದವರು ನಂಬಿಕೆ ತಂದ್ರು.
ರಾಗ, ತಾಳ, ಮಾತು ಕೊಟ್ಟಿದ್ದು ಕನ್ನಡ.
ತಾಯಿನುಡಿಯಲ್ಲಿ ಖುಷಿಯಾಗಿ ಹಾಡಿದಾಗಲೇ
ನಂಬಿಕೆ ಮನೆಮಾತಾಗೋದು.

ನಿಮ್ಮೂರ ಚರ್ಚಲ್ಲಿ
ಎಲ್ಲರೂ ದನಿಗೂಡಿಸೋ ಕೀರ್ತನೆ ಯಾವುದು?
ಕಮೆಂಟಲ್ಲಿ ತಿಳಿಸಿ!