ಜಿಮ್ಮಿಯ ನಾಡಿ ಹಿಡಿಯುವವರು

ತಣ್ಣಗಿರುವಾಗ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುವ ಲಾರಿ ಇಪ್ಪತ್ತು ನಿಮಿಷ ಓಡಿ, ಏರು ಸಿಕ್ಕಿತೆನ್ನುವಷ್ಟರಲ್ಲಿ ಮಿಸ್ ಹೊಡೆಯಲು ಶುರುಮಾಡುತ್ತದೆ. ಆಕ್ಸಿಲರೇಟರ್ ಎಷ್ಟು ತುಳಿದರೂ ಪಿಕಪ್ ಇಲ್ಲ. ಎರಡು ಸಲ ಕೆಮ್ಮಿ ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟ್! ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ಲಾರಿಗಳನ್ನು ಸಾಕಿಕೊಂಡವರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತು. ಇದರಷ್ಟು ದುಡ್ಡು ನುಂಗುವ ಕಾಯಿಲೆಯೂ ಕಡಿಮೆ. ಕಾರಣ ಹುಡುಕುವ ಮೊದಲೇ ಜನ ಕಾರ್ಬೊರೇಟರ್ ಬದಲಿಸುತ್ತಾರೆ, ಆಮೇಲೆ ಪೆಟ್ರೋಲ್ ಪಂಪು, ಅದೂ ಆಗದಿದ್ದರೆ ಕಾಯಿಲ್ಲು.

ಆ ಲಾರಿಗಳಲ್ಲಿ ಎಲ್ಲಕ್ಕಿಂತ ಹೆಸರುವಾಸಿಯಾದದ್ದು ಅಮೆರಿಕದ ಜಿಎಂಸಿ ಸಿಸಿಕೆಡಬ್ಲ್ಯು. ಸೈನಿಕರ ಬಾಯಲ್ಲಿ ‘ಜಿಮ್ಮಿ’. ಮೂರು ಆಕ್ಸಲ್, ಮೂರಕ್ಕೂ ಎಂಜಿನ್ನಿನ ಶಕ್ತಿ, ಹೊರುವ ಭಾರ ಎರಡೂವರೆ ಟನ್. 1941ರಿಂದ 1945ರೊಳಗೆ ಐದೂವರೆ ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾದವು. 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಫ್ರಾನ್ಸಿನಲ್ಲಿ ಹಗಲು ರಾತ್ರಿ ಪೆಟ್ರೋಲು, ಮದ್ದುಗುಂಡು ಸಾಗಿಸಿದ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ನ ಬೆನ್ನೆಲುಬು ಇದೇ ಲಾರಿ. ಓಡಿಸಿದವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದ ಅಮೆರಿಕನ್ ಸೈನಿಕರು. ಮಿತಿಗಿಂತ ಜೋರಾಗಿ ಹೋಗದಂತೆ ಎಂಜಿನ್ನಿಗೆ ಕಟ್ಟಿದ್ದ ಗವರ್ನರ್ ಅನ್ನು ಎಷ್ಟೋ ಮಂದಿ ಕಿತ್ತುಹಾಕಿ ಓಡಿಸಿದರು. ಆಯಿಲ್ ಬದಲಿಸಲೂ ಪುರಸೊತ್ತಿಲ್ಲದೆ ಎಂಜಿನ್‌ಗಳು ಸವೆದುಹೋದವು. ನಮ್ಮ ಅಸ್ಸಾಮಿನ ಲೇಡೋದಿಂದ ಬರ್ಮಾ ದಾಟಿ ಚೀನಾದ ಕುನ್ಮಿಂಗ್‌ಗೆ ಹೋಗುವ ರಸ್ತೆಯಲ್ಲೂ ಜಿಮ್ಮಿಗಳು ದುಡಿದವು. 1945ರ ಜನವರಿ 12ರಂದು ಲೇಡೋ ಬಿಟ್ಟ ಮೊದಲ ವಾಹನಸಾಲು ಕುನ್ಮಿಂಗ್ ಮುಟ್ಟಿದ್ದು ಫೆಬ್ರುವರಿ 4ರಂದು. ಗಾಳಿ ತೆಳುವಾಗುವ ಆ ಬೆಟ್ಟದಾರಿಯ ಎತ್ತರದಲ್ಲಿ ಕಾರ್ಬೊರೇಟರ್ ಗಾಡಿಗಳಿಗೆ ಪೆಟ್ರೋಲ್ ಅಂಶ ಹೆಚ್ಚಾಗಿ ಕಪ್ಪು ಹೊಗೆ ಬರುವುದು ಸಹಜ.

ಬಾನೆಟ್ ಎತ್ತಿದರೆ ಒಳಗಿರುವುದು 270 ಘನ ಅಂಗುಲದ, ಅಂದರೆ ಸುಮಾರು 4.4 ಲೀಟರಿನ, ಸಾಲಾಗಿ ಆರು ಸಿಲಿಂಡರ್ ಇರುವ ಪೆಟ್ರೋಲ್ ಎಂಜಿನ್. ಕರೆಂಟು ಆರೇ ವೋಲ್ಟ್. ಪ್ಲಗ್, ಪಾಯಿಂಟ್, ಕಂಡೆನ್ಸರ್, ಟ್ಯಾಪೆಟ್: ಹಳೆಯ ಜೀಪು, ಅಂಬಾಸಿಡರ್ ಬಿಚ್ಚಿ ಜೋಡಿಸಿದ ನಮ್ಮ ಗ್ಯಾರೇಜಿನವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಒಂದೊಂದು ಭಾಗಕ್ಕೂ ಕೈ ಹೋಗುತ್ತದೆ, ಒಂದೊಂದನ್ನೂ ಕಣ್ಣಾರೆ ನೋಡಬಹುದು. ಯುದ್ಧಕ್ಕೆ ಬಂದ ಹುಡುಗರಲ್ಲಿ ಬಹಳಷ್ಟು ಮಂದಿ ಸ್ಪ್ಯಾನರ್ ಹಿಡಿದವರೇ ಅಲ್ಲ. ಅವರಿಗೆ ರಸ್ತೆಬದಿಯಲ್ಲೇ ದೋಷ ಹುಡುಕುವುದನ್ನು ಕಲಿಸಬೇಕೆಂದು ಸೈನ್ಯ ಮನಸ್ಸು ಮಾಡಿತು. ಈ ಲಾರಿಗೆಂದೇ ಟಿಎಂ 9-801 ಎಂಬ ಕೈಪಿಡಿ ಬಂತು. ‘ಆರ್ಮಿ ಮೋಟರ್ಸ್’ ಪತ್ರಿಕೆಯಲ್ಲಿ, ‘ದಿ ಸ್ಪಿರಿಟ್’ ಖ್ಯಾತಿಯ ಚಿತ್ರಕಾರ ವಿಲ್ ಐಸ್ನರ್, ಜೋ ಡೋಪ್ ಎಂಬ ಎಡವಟ್ಟು ಸೈನಿಕನನ್ನು ಬರೆದು ಗಾಡಿಯನ್ನು ಹೇಗೆ ನೋಡಿಕೊಳ್ಳಬಾರದು ಎಂದು ತೋರಿಸಿದ. ಎಂಬತ್ತು ವರ್ಷವಾದರೂ ಈ ಲಾರಿಗಳು ಇನ್ನೂ ಓಡುತ್ತಿದ್ದರೆ, ಕಬ್ಬಿಣ ಗಟ್ಟಿಯಿತ್ತು ಎನ್ನುವುದಷ್ಟೇ ಕಾರಣವಲ್ಲ. ಬಿಚ್ಚುವ ಮೊದಲು ಪರೀಕ್ಷಿಸು ಎಂಬ ಪಾಠವನ್ನೂ ಗಾಡಿಯ ಜೊತೆಗೇ ಕೊಟ್ಟಿದ್ದು ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ಈಗ ಏರಿನಲ್ಲಿ ನಿಂತ ಗಾಡಿಗೆ ಬರೋಣ. ಇಲ್ಲಿ ತಣ್ಣಗಾಗಲೆಂದು ಕಾಯಬಾರದು. ಬಿಸಿ ಆರಿತೆಂದರೆ ದೋಷದ ಸುಳಿವೂ ಹೋಯಿತು. ನಿಂತ ಗಳಿಗೆಯಲ್ಲೇ ಬಾನೆಟ್ ಎತ್ತಬೇಕು. ಪೆಟ್ರೋಲ್ ಎಲ್ಲೂ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಪ್ಲಗ್ಗಿನ ವೈರ್ ಕಿತ್ತು, ಅದರ ಲೋಹದ ತುದಿ ಎಂಜಿನ್ ಬ್ಲಾಕಿನಿಂದ ಕಾಲು ಅಂಗುಲ ದೂರವಿರುವಂತೆ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಚಟ್ ಎಂದು ದಪ್ಪಗೆ ನೀಲಿ ಕಿಡಿ ಹಾರಿದರೆ ಕರೆಂಟಿನ ಕಡೆ ಚಿಂತೆಯಿಲ್ಲ. ಕಿಡಿ ಹಳದಿಯಾಗಿ ಸೊರಗಿದ್ದರೆ, ಅಥವಾ ಬಾರದೇ ಇದ್ದರೆ, ಪೆಟ್ರೋಲ್ ಪಂಪಿನ ತಂಟೆಗೆ ಹೋಗುವುದೇ ಬೇಡ.

ಕಿಡಿ ಸರಿಯಿದೆ ಅನ್ನಿ. ಏರ್ ಫಿಲ್ಟರ್ ತೆಗೆದು ಕಾರ್ಬೊರೇಟರಿನ ಗಂಟಲೊಳಗೆ ನೋಡುತ್ತಾ ಥ್ರಾಟಲ್ ಎಳೆದರೆ ಸಣ್ಣ ಧಾರೆಯಾಗಿ ಪೆಟ್ರೋಲ್ ಚಿಮ್ಮಬೇಕು. ಒಣಗಿದ್ದರೆ ಹಿಂದಕ್ಕೆ ಹುಡುಕುತ್ತಾ ಹೋಗಬೇಕು. ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸಿ. ಹಿಸ್ಸೆಂದು ಗಾಳಿ ಒಳಗೆಳೆದುಕೊಂಡರೆ, ಮುಚ್ಚಳದ ಉಸಿರುಕಿಂಡಿ ಕಟ್ಟಿದೆ. ಟ್ಯಾಂಕಿನಲ್ಲಿ ನಿರ್ವಾತ ಹುಟ್ಟಿ ಪೆಟ್ರೋಲ್ ಬರದೆ ನಿಂತಿದೆ. ಪಂಪು ಎಷ್ಟು ಹೊಸದಾದರೂ ಅಲ್ಲಿ ಉಪಯೋಗವಿಲ್ಲ. ಮುಚ್ಚಳ ಸರಿಯಿದ್ದರೆ ಫಿಲ್ಟರಿನ ಬಟ್ಟಲಲ್ಲಿ ಕೆಂಪು ತುಕ್ಕು, ನೀರಿನ ಗುಳ್ಳೆ ಇದೆಯೇ ನೋಡಬೇಕು. ಅದೂ ಶುದ್ಧವಾಗಿದ್ದರೆ ಪಂಪಿಗೆ, ಪೈಪಿಗೆ ಒದ್ದೆ ಬಟ್ಟೆ ಸುತ್ತಬೇಕು. ಒಡನೆಯೇ ಗಾಡಿ ಸ್ಟಾರ್ಟ್ ಆದರೆ, ಬಿಸಿಗೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿತ್ತು ಎಂದರ್ಥ.

ಕಿಡಿಯೇ ಇಲ್ಲದಿದ್ದರೆ ನನ್ನ ಮೊದಲ ಅನುಮಾನ ಡಿಸ್ಟ್ರಿಬ್ಯೂಟರಿನೊಳಗಿನ ಕಂಡೆನ್ಸರಿನ ಮೇಲೆ. ಹೆಬ್ಬೆರಳ ಗಾತ್ರವೂ ಇಲ್ಲದ ಆ ಡಬ್ಬಿಯೊಳಗೆ ಲೋಹದ ಹಾಳೆ, ನಡುವೆ ಕಾಗದದ ಪದರ. ಕಾಗದ ತೇವ ಹೀರಿ ಹಳತಾದ ಮೇಲೆ, ತಣ್ಣಗಿರುವಾಗ ಕೆಲಸ ಮಾಡಿ, ಬಿಸಿಯೇರಿದಾಗ ಕೈಕೊಡುತ್ತದೆ. ಪಾಯಿಂಟಿನ ಮುಖ ಸುಟ್ಟು ಗುಳಿಬಿದ್ದಿದ್ದರೆ ಅನುಮಾನ ಇನ್ನೂ ಗಟ್ಟಿ. ಯುದ್ಧಕಾಲದ ಸೀಲ್ ಒಡೆಯದ ಪೊಟ್ಟಣದಲ್ಲಿ ಸಿಕ್ಕಿತೆಂದು ಕಂಡೆನ್ಸರ್ ಕೊಂಡು ಸಂಭ್ರಮಿಸುವವರಿದ್ದಾರೆ. ಪೊಟ್ಟಣದೊಳಗೂ ಕಾಗದಕ್ಕೆ ಎಂಬತ್ತು ವರ್ಷ ವಯಸ್ಸಾಗಿದೆ. ಹೊಸದಾಗಿ ತಯಾರಾದದ್ದನ್ನೇ ಹಾಕಬೇಕು.

ಎಂಜಿನ್ ನಿಲ್ಲುತ್ತಿಲ್ಲ, ಆದರೆ ಸೊರಗಿದೆ ಎನ್ನುವುದಾದರೆ ಉಪಕರಣ ಬೇರೆ. ಇನ್‌ಟೇಕ್ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಸಿಕ್ಕಿಸಿದರೆ, ಬಿಸಿಯಾದ ಒಳ್ಳೆಯ ಎಂಜಿನ್ ಐಡಲ್‌ನಲ್ಲಿ 17ರಿಂದ 21 ಅಂಗುಲದ ನಡುವೆ ಮುಳ್ಳನ್ನು ಅಲುಗದೆ ನಿಲ್ಲಿಸುತ್ತದೆ. ತಾಳ ತಪ್ಪದೆ ಮುಳ್ಳು ಮತ್ತೆ ಮತ್ತೆ ಕುಸಿಯುತ್ತಿದ್ದರೆ ಯಾವುದೋ ಒಂದು ವಾಲ್ವ್ ಸುಟ್ಟಿರಬೇಕು ಅಥವಾ ಕಚ್ಚಿಕೊಂಡಿರಬೇಕು. ಯಾವುದೆಂದು ತಿಳಿಯಲು ಆರೂ ಪ್ಲಗ್ ಬಿಚ್ಚಿ, ಒಂದೊಂದೇ ಸಿಲಿಂಡರಿನ ಕಂಪ್ರೆಷನ್ ಅಳೆಯಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಸೋತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಕಡೆ ನೋಡಬೇಕು.

ಸೆಲ್ಫ್ ನಿಧಾನವಾಗಿ ತಿರುಗಿದರೆ ಬ್ಯಾಟರಿಯನ್ನು ಬೈಯುವುದು ರೂಢಿ. ಆದರೆ ಅಷ್ಟೇ ಶಕ್ತಿಗೆ ಆರು ವೋಲ್ಟಿನಲ್ಲಿ ಈಗಿನ ಹನ್ನೆರಡು ವೋಲ್ಟಿನ ಗಾಡಿಗಳ ಎರಡರಷ್ಟು ಕರೆಂಟು ಹರಿಯಬೇಕು. ಈಗಿನ ಕಾರಿನ ಸಪೂರ ಕೇಬಲ್ ಹಾಕಿದ್ದರೆ ಅದು ಬಿಸಿಯಾಗುತ್ತದೆಯೇ ಹೊರತು ಮೋಟರಿಗೆ ಬಲ ಬಾರದು. ದಪ್ಪ ಕೇಬಲ್ ಹಾಕಿ, ಅರ್ತ್ ಕೊಡುವ ಜಾಗದ ಬಣ್ಣ, ತುಕ್ಕು ಕೆರೆದು ಬಿಗಿದರೆ ಅದೇ ಬ್ಯಾಟರಿಯಲ್ಲಿ ಎಂಜಿನ್ ಚುರುಕಾಗಿ ತಿರುಗುತ್ತದೆ.

ಇತ್ತೀಚೆಗೆ ಸೇರಿಕೊಂಡ ತೊಂದರೆ ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಪೈಪು, ಪಂಪಿನೊಳಗಿನ ಡಯಾಫ್ರಮ್ ಅದಕ್ಕೆ ತಾಳುವುದಿಲ್ಲ. ಉಬ್ಬಿ, ಬಿರಿದು, ಚೂರುಗಳು ಜೆಟ್ಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ಎಥನಾಲ್ ತೇವವನ್ನೂ ಎಳೆದುಕೊಳ್ಳುವುದರಿಂದ, ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು ಏಳುತ್ತದೆ. ಹಾಗಾಗಿ ಪ್ರದರ್ಶನಕ್ಕೆಂದು ಬಣ್ಣ ಬಳಿದು, ಸೈನ್ಯದ ನಕ್ಷತ್ರದ ಗುರುತು ಬರೆದು ನಿಲ್ಲಿಸುವ ಮೊದಲು ಪೈಪುಗಳನ್ನೂ ಡಯಾಫ್ರಮನ್ನೂ ಎಥನಾಲ್ ತಾಳುವಂಥವಕ್ಕೆ ಬದಲಿಸಬೇಕು. ಆಮೇಲೆ ಆಗಾಗ ಗಾಡಿಯನ್ನು ಹೊರಗೆ ತೆಗೆದು, ಶೆಡ್ಡಿನಲ್ಲಿ ಬರೀ ಐಡಲ್ ಇಡದೆ, ಆಯಿಲ್ ಪೂರ್ತಿ ಕಾಯುವವರೆಗೆ ರಸ್ತೆಯ ಮೇಲೆ ಓಡಿಸಬೇಕು.