ಹನ್ನೆರಡು ಮಂದಿಯ ಮುಂದೆ ಡಾಕ್ಟರು

ಚಿಕಿತ್ಸೆ ಕೆಟ್ಟು ರೋಗಿ ದಾವೆ ಹೂಡಿದರೆ ನಮ್ಮಲ್ಲಿ ತೀರ್ಪು ಕೊಡುವುದು ಗ್ರಾಹಕ ಆಯೋಗ ಅಥವಾ ನ್ಯಾಯಾಧೀಶರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಂಥ ದಾವೆ ವಿಚಾರಣೆಗೆ ಬಂದರೆ ಸಾಮಾನ್ಯವಾಗಿ ತೀರ್ಮಾನ ಹನ್ನೆರಡು ಮಂದಿಯ ಜ್ಯೂರಿಯದು. ಬಸ್ ಚಾಲಕ, ಶಾಲೆಯ ಮೇಡಂ, ನಿವೃತ್ತ ಗುಮಾಸ್ತ ಹೀಗೆ ಯಾರು ಬೇಕಾದರೂ ಅಲ್ಲಿ ಕೂತಿರಬಹುದು. ವೈದ್ಯಕೀಯ ಓದದ ಇವರಿಗೆ ಡಾಕ್ಟರ ಕೆಲಸವನ್ನು ಅರ್ಥ ಮಾಡಿಸುವುದೇ ಡಾಕ್ಟರ ಪರ ವಕೀಲರ ಕಸುಬು.

ಅದು ಜ್ಯೂರಿ ಆಯ್ಕೆಯಿಂದಲೇ ಶುರು. "ನಿಮ್ಮ ಮನೆಯವರಿಗೆ ಆಸ್ಪತ್ರೆಯಲ್ಲಿ ಕೆಟ್ಟ ಅನುಭವ ಆಗಿದೆಯೇ?" ಎಂದು ಕೇಳುತ್ತಾರೆ. ವಾದಿ, ಪ್ರತಿವಾದಿ ಇಬ್ಬರೇ ಇದ್ದರೆ ತಲಾ 6 ಮಂದಿಯನ್ನು ಸಾಮಾನ್ಯವಾಗಿ ಕಾರಣ ಕೊಡದೆ ಕೈಬಿಡಬಹುದು.

ವಿಚಾರಣೆಯಲ್ಲಿ ಮೊದಲ ಸರದಿ ರೋಗಿಯ ಕಡೆಯದು. ಅವರ ವಕೀಲರು ಡಾಕ್ಟರನ್ನೇ ಸಾಕ್ಷಿಕಟ್ಟೆಗೆ ಕರೆಯಬಹುದು. ಹಾಗಾಗಿ ಮೊದಲೇ ತಾಲೀಮು ನಡೆದಿರುತ್ತದೆ: "ಪೆರಿಟೊನೈಟಿಸ್ ಅನ್ನಬೇಡಿ, ಹೊಟ್ಟೆಯೊಳಗೆ ಸೋಂಕು ಹರಡಿತು ಅನ್ನಿ."

ಒಂದು ಉದಾಹರಣೆ ಊಹಿಸೋಣ. ರಾತ್ರಿ ಎರಡಕ್ಕೆ ಹೊಟ್ಟೆನೋವೆಂದು ಬಂದವನನ್ನು ಡಾಕ್ಟರು ನೋಡಿ ಮನೆಗೆ ಕಳಿಸಿದರು. ಮರುದಿನ ಅಪೆಂಡಿಕ್ಸ್ ಒಡೆಯಿತು. ಕೊನೆ ಗೊತ್ತಾದ ಮೇಲೆ ಎಲ್ಲರೂ ಜಾಣರೇ. ವಕೀಲರು ಜ್ಯೂರಿಯನ್ನು ಆ ರಾತ್ರಿಗೇ ವಾಪಸ್ ಕರೆದೊಯ್ಯಬೇಕು. ಕೇಸ್ ಶೀಟನ್ನು ಪರದೆಯ ಮೇಲೆ ಹಾಕಿ ಸಾಲುಸಾಲಾಗಿ ಓದಿಸುತ್ತಾರೆ: ಜ್ವರವಿಲ್ಲ, ಹೊಟ್ಟೆ ಮೆತ್ತಗಿದೆ, ನೋವು ಹೆಚ್ಚಾದರೆ ತಕ್ಷಣ ಬರಲು ಹೇಳಿದೆ. ಆ ಕೊನೆಯ ಸಾಲು ಇಲ್ಲದಿದ್ದರೆ, ಬಾಯಲ್ಲಿ ಹೇಳಿದ್ದೆ ಎಂದರೆ ನಂಬಿಸುವುದು ಕಷ್ಟ. ಆಮೇಲೆ ಸೇರಿಸಿದರಂತೂ ಎಷ್ಟು ಹೊತ್ತಿಗೆ ಸೇರಿಸಿದ್ದು ಎಂಬುದನ್ನು ಕಂಪ್ಯೂಟರೇ ಹೇಳಿಬಿಡುತ್ತದೆ.

ರಾಜಿಯಾಗಿ ಮುಗಿಸಬಾರದೇ ಎಂದರೆ, ಡಾಕ್ಟರ ಪರವಾಗಿ ಹಣ ಕೊಟ್ಟ ವಿವರ 1990ರಿಂದ ನಡೆಯುತ್ತಿರುವ ರಾಷ್ಟ್ರೀಯ ದಾಖಲೆಕೋಶ ಸೇರುತ್ತದೆ. ಆಸ್ಪತ್ರೆಗಳು ನೇಮಿಸುವ ಮುನ್ನ ಅದನ್ನು ನೋಡುತ್ತವೆ. ಎಷ್ಟೋ ಡಾಕ್ಟರು ಕೋರ್ಟಿಗೇ ಹೋಗೋಣ ಎನ್ನಲು ಇದೂ ಒಂದು ಕಾರಣ.

ಹಾಗೆಂದು ರೋಗಿಯ ನೋವನ್ನು ಹಗುರ ಮಾಡಿದರೆ ಜ್ಯೂರಿಯ ಮನಸ್ಸು ಮುರಿಯುತ್ತದೆ. ನೋವು ನಿಜ, ಆದರೆ ತಪ್ಪು ಯಾರದು ಎಂಬುದಷ್ಟೇ ಪ್ರಶ್ನೆ ಎನ್ನುತ್ತಾರೆ ನುರಿತವರು. ಚಿಕಿತ್ಸೆ ಫಲಿಸಲಿಲ್ಲ ಎಂದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗದು ಎಂದು ಜ್ಯೂರಿಗೆ ತಿಳಿಸಲು ಅಲ್ಲಿ ನಿಗದಿತ ಸೂಚನೆಯೇ ಇದೆ.

ಆಮೇಲೆ ಹನ್ನೆರಡು ಮಂದಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. 9 ಮಂದಿ ಒಪ್ಪಿದರೆ ತೀರ್ಪು. ವಕೀಲರು ಹೊರಗೇ ಉಳಿಯುತ್ತಾರೆ; ಒಳಗೆ ಹೋಗುವುದು ಆ ರಾತ್ರಿ ಬರೆದಿಟ್ಟ ಕೇಸ್ ಶೀಟು.